ಗೆಳೆಯನಿಗೊಂದು ಪತ್ರ: ಮೂರು ತಿಂಗಳು ಹಿಂದಕ್ಕೆ ಎಣಿಸು

ನಾಪೋಕ್ಲು
ಅಕ್ಟೋಬರ್ 20

ಪ್ರಿಯ ಗೆಳೆಯಾ,

ನೀನು ಕಳುಹಿಸಿದ ಫೋಟೊ ನೋಡಿದೆ. ಬಿಳಿ ಹಾಳೆಯ ಮೇಲೆ ನಿನ್ನ ತಲೆಯಿಂದ ಉದುರಿದ ಹದಿನಾಲ್ಕು ಕೂದಲುಗಳನ್ನು ಸಾಲಾಗಿ ಮಲಗಿಸಿದ್ದೀಯ. ಪ್ರತಿಯೊಂದರ ಬುಡದಲ್ಲಿರುವ ಬಿಳಿ ಗುಂಡಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕೆಳಗೆ ‘ಬೇರು ಸಮೇತ ಬರುತ್ತಿದೆ’ ಎಂದು ಬರೆದಿದ್ದೀಯ. ಲೆಕ್ಕಪತ್ರ ಬರೆಯುವವನ ಕೈ, ಹೆದರಿದಾಗಲೂ ಅಚ್ಚುಕಟ್ಟು.

ಅದು ಬೇರಲ್ಲ ಮಾರಾಯ. ಬೇರು ಚರ್ಮದೊಳಗೆ ತನ್ನ ಗೂಡಿನಲ್ಲೇ ಇದೆ. ತಲೆಯ ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ. ಆಮೇಲೆ ಬೆಳವಣಿಗೆ ನಿಲ್ಲಿಸಿ ಸುಮಾರು ಮೂರು ತಿಂಗಳು ಸುಮ್ಮನೆ ಕುಳಿತಿದ್ದು, ಕಳಚಿಕೊಳ್ಳುತ್ತದೆ. ಹಣ್ಣಾಗಿ ಬಿದ್ದ ಹಲಸಿನ ಎಲೆಯ ತೊಟ್ಟನ್ನು ನೋಡಿದ್ದೀಯಲ್ಲ, ಆ ಬಿಳಿ ಗುಂಡೂ ಹಾಗೆಯೇ. ಒಂದು ಲಕ್ಷದಷ್ಟು ಕೂದಲಿರುವ ತಲೆಯಿಂದ ದಿನಕ್ಕೆ 50ರಿಂದ 100 ಬೀಳುವುದು ಎಲ್ಲರ ಮನೆಯ ಕಥೆ.

ನಿನ್ನದು ಅದಕ್ಕಿಂತ ಹೆಚ್ಚು, ಒಪ್ಪುತ್ತೇನೆ. ಆದರೆ ನೀನು ಬೆಂಗಳೂರಿನ ಕೊಳವೆಬಾವಿ ನೀರನ್ನು ಬೈಯುತ್ತೀಯ, ಹೆಲ್ಮೆಟ್ಟನ್ನು ಬೈಯುತ್ತೀಯ, ಹೋದ ವಾರವಷ್ಟೇ ಬದಲಿಸಿದ ಶಾಂಪೂವನ್ನು ಬೈಯುತ್ತೀಯ. ಮೂರು ತಿಂಗಳು ಹಿಂದಕ್ಕೆ ಎಣಿಸು. ಜುಲೈಯಲ್ಲಿ ಎಲ್ಲಿದ್ದೆ? ಡೆಂಗಿ ಜ್ವರದಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ. ಮೈಗೆ ಅಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಟ್ಟಿಗೇ ಕೆಲಸ ನಿಲ್ಲಿಸುತ್ತವೆ. ಒಟ್ಟಿಗೆ ನಿಂತವು ಎರಡು ಮೂರು ತಿಂಗಳ ಮೇಲೆ ಒಟ್ಟಿಗೇ ಉದುರುತ್ತವೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ಬಚ್ಚಲಲ್ಲಿ ಎದುರಿಗಿದ್ದ ಶಾಂಪೂ ಬಾಟಲಿ ಕಳ್ಳನ ಪಟ್ಟ ಹೊರುತ್ತದೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲೂವಿಯಂ ಎನ್ನುತ್ತಾರೆ. ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ತಾನಾಗಿಯೇ ತಗ್ಗುತ್ತದೆ.

ಈ ಮೂರು ತಿಂಗಳ ಲೆಕ್ಕ ನಮ್ಮ ಅಜ್ಜಿಗೆ ಅವರದೇ ರೀತಿಯಲ್ಲಿ ಗೊತ್ತಿತ್ತು. ‘ಮಗು ಮುಖ ನೋಡಿ ನಗಲು ಕಲಿತರೆ ತಾಯಿಯ ಕೂದಲು ಉದುರುತ್ತದೆ’ ಎನ್ನುತ್ತಿದ್ದರು. ನನ್ನ ಹೆಂಡತಿಗೆ ಹಾಗೆಯೇ ಆಯಿತು. ಮಗಳು ಕೇಕೆ ಹಾಕಿ ನಗುವ ಹೊತ್ತಿಗೆ ಬಾಚಣಿಗೆಯ ತುಂಬ ಕೂದಲು. ಪಾಪ, ಮಗುವಿನ ದೃಷ್ಟಿ ತಾಯಿಗೇ ತಾಗಿತೆಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿದರು. ಬಸಿರಿನಲ್ಲಿ ಉದುರದೆ ನಿಂತಿದ್ದ ಕೂದಲು ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಬಾಕಿ ತೀರಿಸುವುದೂ, ಮಗು ಮುಖ ಗುರುತಿಸಿ ನಗುವುದೂ ಒಂದೇ ಕಾಲಕ್ಕೆ ಬರುತ್ತವೆ, ಅಷ್ಟೆ. ಅಜ್ಜಿಯ ಕಣ್ಣು ತಪ್ಪಿರಲಿಲ್ಲ, ಕಾರಣ ಮಾತ್ರ ತಪ್ಪಿತ್ತು.

ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತದೆಯೇ ಎಂದು ಕೇಳಿದ್ದೀಯ. ಇದರ ಪ್ರಯೋಗ ನನ್ನ ತಲೆಯ ಮೇಲೆಯೇ ಆಗಿದೆ. ಅಪ್ಪ ತೀರಿಕೊಂಡ ವರ್ಷ ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಮುಡಿ ಕೊಟ್ಟೆ. ತುಲಾ ಸಂಕ್ರಮಣದ ಜನಜಂಗುಳಿ, ನೀರು ಮಂಜಿನಷ್ಟು ತಣ್ಣಗೆ, ಬೋಳು ತಲೆಗೆ ಜಿಟಿಜಿಟಿ ಮಳೆ. ಹಿಂತಿರುಗುವಾಗ ಜೀಪಿನಲ್ಲಿದ್ದವರೆಲ್ಲ ‘ನೋಡುತ್ತಿರು, ಈ ಸಲ ಕಾಡು ಬೆಳೆದ ಹಾಗೆ ಬರುತ್ತದೆ’ ಎಂದು ಹರಸಿದರು. ತಿಂಗಳಿಗೆ ಒಂದು ಸೆಂಟಿಮೀಟರಿನಂತೆ ಬಂತು. ಮೊದಮೊದಲು ಕೈಯಾಡಿಸಿದರೆ ಕೊಯ್ದ ಗದ್ದೆಯ ಕೂಳೆಯಂತೆ ಚುಚ್ಚುತ್ತಿತ್ತು, ನಾನೂ ನಂಬಿದೆ. ಕತ್ತಿ ತಾಗಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಹಾಗೆ ಚುಚ್ಚುತ್ತದೆ. ಯುಗಾದಿಯ ಹೊತ್ತಿಗೆ ಕನ್ನಡಿಯಲ್ಲಿ ಅಪ್ಪನ ಹಣೆಯೇ, ಎರಡು ಮೂಲೆಗಳಲ್ಲಿ ಅದೇ ಖಾಲಿ ಜಾಗ. ಬೋಳಿಸುವ ಕತ್ತಿ ಗೂಡಿನ ತನಕ ಇಳಿಯುವುದೇ ಇಲ್ಲ. ಬೋಳುತಲೆ ತಾಯಿಯ ಕಡೆಯಿಂದಲೇ ಬರುತ್ತದೆ ಎನ್ನುವವರಿಗೂ ನನ್ನ ಹಣೆಯೇ ಉತ್ತರ. ಅದು ಎರಡೂ ಕಡೆಯಿಂದ ಬರಬಹುದು. ನನ್ನ ಥರದ್ದಕ್ಕೆ ಮಿನಾಕ್ಸಿಡಿಲ್ ಎಂಬ ಔಷಧ ಇದೆ, ವೈದ್ಯರು ಬರೆದುಕೊಟ್ಟಿದ್ದರು. ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ಬಿಟ್ಟರೆ ಉಳಿಸಿಕೊಂಡದ್ದೂ ಹೋಗುತ್ತದೆ. ನನ್ನಂಥ ಸೋಮಾರಿಗೆ ಅದು ಹೇಳಿದ್ದಲ್ಲ.

ತಲೆಹೊಟ್ಟಿನ ವಿಷಯದಲ್ಲಿ ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಜಗಳವಿದೆ. ಇಲ್ಲಿಯ ಮಳೆಗಾಲ ನಿನಗೆ ಗೊತ್ತು. ಜೂನ್‌ನಿಂದ ನೀರೊಲೆಯ ಮೇಲಿನ ಹಗ್ಗದಲ್ಲಿ ಟವೆಲು ತೂಗಿದರೂ ಹೊಗೆಯ ವಾಸನೆ ಹಿಡಿಯುತ್ತದೆಯೇ ಹೊರತು ಒಣಗುವುದಿಲ್ಲ. ಒದ್ದೆ ಜಡೆಯನ್ನೇ ಕಟ್ಟಿಕೊಂಡು ಮಗಳು ಶಾಲೆಗೆ ಓಡುತ್ತಾಳೆ, ಹೆಗಲ ಮೇಲೆ ಕಾಫಿ ಹೊಟ್ಟು ಉದುರಿಸಿಕೊಂಡವಳಂತೆ ಬರುತ್ತಾಳೆ. ‘ತಲೆ ಒಣಗಿದೆ’ ಎಂದು ಅಮ್ಮ ಎಣ್ಣೆ ಸುರಿಯುತ್ತಾರೆ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯ ಎಂಬ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇದೆ, ಅದರ ಊಟವೇ ಜಿಡ್ಡು. ಎಣ್ಣೆ ಹಚ್ಚಿದರೆ ಪುಡಿ ಅಂಟಿಕೊಂಡು ಎರಡು ದಿನ ಕಾಣುವುದಿಲ್ಲ, ಅದಕ್ಕೇ ವಾಸಿಯಾದಂತೆ ತೋರುತ್ತದೆ. ಕೊನೆಗೆ ಆ ಶಿಲೀಂಧ್ರವನ್ನು ತಗ್ಗಿಸುವ ಕೀಟೋಕೊನಜೋಲ್ ಶಾಂಪೂ ತಂದೆ. ವಾರಕ್ಕೆರಡು ಬಾರಿ, ನೊರೆಯನ್ನು ಐದು ನಿಮಿಷ ಬಿಟ್ಟು ತೊಳೆಯಬೇಕು. ಆ ಐದು ನಿಮಿಷ ಮಗಳನ್ನು ಬಚ್ಚಲಲ್ಲಿ ಹಿಡಿದಿಡುವುದೇ ದೊಡ್ಡ ಚಿಕಿತ್ಸೆ.

ಹಾಗೆಂದು ಅಮ್ಮನ ವಿದ್ಯೆಯನ್ನೆಲ್ಲ ನಾನು ಹಳಿಯುವುದಿಲ್ಲ. ಬೇಲಿಯ ದಾಸವಾಳದ ಹತ್ತಿಪ್ಪತ್ತು ಎಲೆ ಕಿತ್ತು, ಬಿಸಿನೀರಿನ ಚೊಂಬಿನಲ್ಲಿ ಕಿವುಚಿ, ಹಳೆಯ ಪಂಚೆಯಲ್ಲಿ ಸೋಸಿದರೆ ಹಸಿರು ಲೋಳೆ ದಾರದಂತೆ ಇಳಿಯುತ್ತದೆ. ಸೀಗೆಪುಡಿ ಜಿಡ್ಡು ತೆಗೆದ ಮೇಲೆ ಆ ಲೋಳೆ ಬಿದ್ದರೆ ಸಿಕ್ಕುಗಟ್ಟಿದ ಜಡೆಯೂ ಬೆರಳಿಗೆ ಜಾರುತ್ತದೆ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಗೆ ಇಳಿದು ತೊಳೆಯುವಾಗ ಆಗುವ ಸವೆತವನ್ನು ಕಡಿಮೆ ಮಾಡುವುದೂ ನಿಜವೇ. ಎಳೆಗೆ ಇದೆಲ್ಲ ಒಳ್ಳೆಯದು, ಗೂಡಿಗೆ ಇದರ ಸುದ್ದಿಯೇ ಮುಟ್ಟುವುದಿಲ್ಲ.

ನೀನು ಈಗ ಮಾಡಬೇಕಾದದ್ದು ಕಡಿಮೆ. ಜ್ವರದಲ್ಲಿ ಇಳಿದ ತೂಕವನ್ನು ತುಂಬಿಸಿಕೊ. ಮೊಟ್ಟೆ, ಮೀನು, ಕಾಳು ತಿನ್ನು. ಒದ್ದೆ ತಲೆಯನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆಯಬೇಡ, ನೆನೆದ ಕೂದಲು ಬೇಗ ತುಂಡಾಗುತ್ತದೆ. ಉದುರಿದ್ದನ್ನು ಎಣಿಸಬೇಡ. ಆರು ತಿಂಗಳು ಕಳೆದರೂ ನಿಲ್ಲದಿದ್ದರೆ ಚರ್ಮದ ವೈದ್ಯರ ಬಳಿ ಹೋಗು. ಕಬ್ಬಿಣದ ಅಂಶ, ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ. ನಾಣ್ಯದಷ್ಟಗಲ ನುಣ್ಣಗೆ ಬೋಳಾದರೆ ಮಾತ್ರ ಕಾಯಬೇಡ. ನಮ್ಮ ಪಕ್ಕದ ಮನೆಯ ಹುಡುಗನಿಗೆ ಹಾಗಾದಾಗ ‘ಹುಳ ತಿಂದಿದೆ’ ಎಂದು ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟರು. ಹುಳವೂ ಇಲ್ಲ, ಏನೂ ಇಲ್ಲ; ಮೈಯ ರೋಗನಿರೋಧಕ ಪಡೆ ತನ್ನದೇ ಕೂದಲಿನ ಮೇಲೆ ಬಿದ್ದಿತ್ತು.

ಪುತ್ತರಿ ಹಬ್ಬಕ್ಕೆ ಬಂದುಬಿಡು. ಅಷ್ಟರಲ್ಲಿ ನಿನ್ನ ಹಣೆಯಂಚಿನಲ್ಲಿ ಗಿಡ್ಡ ಕೂದಲು ಎದ್ದು ನಿಂತಿರಬೇಕು, ಜಗಲಿಯ ಬಿಸಿಲಿನಲ್ಲಿ ಕೂರಿಸಿ ನಾನೇ ನೋಡುತ್ತೇನೆ.

ಇಂತಿ ನಿನ್ನ ಗೆಳೆಯ

ಮರೆತೆ: ಮೈಸೂರಿನ ದಾರಿಯಲ್ಲಿ 1,200 ರೂಪಾಯಿ ಕೊಟ್ಟು ತಂದ ಆ ‘ಕಾಡಿನ ಎಣ್ಣೆ’ ಏನಾಯಿತೆಂದು ಕೇಳಿದ್ದೆಯಲ್ಲ. ಅರ್ಧ ಬಾಟಲಿ ನನ್ನ ತಲೆಗೆ ಹೋಯಿತು. ಉಳಿದರ್ಧವನ್ನು ತೋಟದ ಗೇಟಿನ ಕೀಲಿಗೆ ಬಿಟ್ಟೆ. ಗೇಟು ಈಗ ಕಿರುಗುಟ್ಟುವುದಿಲ್ಲ.