ಮರಿಯಮ್ಮನ ಕೈಗೆ ಮಸಿ ಹತ್ತಿದರೆ ಯಾರ ಭಕ್ತಿ ಕರಗಿತು?

ಸಂಪಾದಕರಿಗೆ,

ಮಂಗಳವಾರದ ನಿಮ್ಮ ಪತ್ರಿಕೆಯಲ್ಲಿ ಬಂದ, ಕ್ರೈಸ್ತ ಭಕ್ತಿಯ ಚಿತ್ರ ಮತ್ತು ಕಥೆ ಸ್ಪರ್ಧೆಯ ವರದಿ ಓದಿದೆ. ಕಲಾಪ್ರೇಮಿಗಳು ಭಕ್ತಿರಸದಲ್ಲಿ ಮಿಂದೆದ್ದರು ಅಂತ ಬರೆದಿದ್ದೀರಿ. ಮಿಂದದ್ದು ನಿಜ. ಭಕ್ತಿರಸದಲ್ಲಿ ಅಲ್ಲ, ಅಂಡರ್‌ಪಾಸಿನ ನೀರಿನಲ್ಲಿ. ಯಾವ ಅಂಡರ್‌ಪಾಸ್ ಅಂತ ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾರ ಹಾಕಿಸಿಕೊಂಡವರ ಹೆಸರು ನಿಮ್ಮ ವರದಿಯಲ್ಲಿ 14 ಇವೆ, ಎಣಿಸಿದೆ. ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಚಿತ್ರದ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮ ವರದಿಗಾರರು ಅಲ್ಲೇ ಇದ್ದರು, ಉಪ್ಪಿಟ್ಟು ತಿನ್ನುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅವರು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತಿದ್ದೇನೆ, ದಯವಿಟ್ಟು ಕತ್ತರಿ ಹಾಕಬೇಡಿ.

ಆ ಚಿತ್ರ ಬರೆದವಳು ನನ್ನ ಹಳೇ ವಿದ್ಯಾರ್ಥಿನಿ. ಅವಳ ಅಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಚಿತ್ರದಲ್ಲಿ ಯೇಸುವಿನ ತಾಯಿ ಮರಿಯಮ್ಮ ಭಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ತಲೆಗೆ ಸೆರಗು ಬಿಗಿದಿದೆ. ಕೈಯಲ್ಲಿ ಜರಡಿ. ಬಿಸಿ ಮರಳು ಕೆಳಗೆ ಸುರಿಯುತ್ತಿದೆ, ಮಂಡಕ್ಕಿ ಮೇಲೆ ಉಳಿದಿದೆ. ಪಕ್ಕದಲ್ಲಿ ಚೀಲದ ಮೇಲೆ ಕೂಸು ನಿದ್ದೆ ಹೋಗಿದೆ. ತಲೆಯ ಹಿಂದೆ ಪ್ರಭೆ ಅಂತ ಬೇರೆ ಬರೆದಿಲ್ಲ, ಭಟ್ಟಿಯ ಬಾಯಿಂದ ಬರುವ ಬೆಳಕೇ ಸೆರಗಿನ ಅಂಚಿಗೆ ಬಿದ್ದಿದೆ. ಉಗುರಿನ ಸಂದಿಯಲ್ಲಿ ಮಸಿ. ಬಲ ಮುಂಗೈ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಸುಟ್ಟ ಕಲೆ. ಅದು ಅವಳ ಅಮ್ಮನ ಕೈಯಲ್ಲಿರುವ ಕಲೆಯೇ. (ಕನ್ನಡದಲ್ಲಿ ಅದಕ್ಕೂ ಕಲೆ, ಇದಕ್ಕೂ ಕಲೆ. ಸುಮ್ನೆ ಅಲ್ಲ ಅನ್ನಿಸಿತು ನನಗೆ.)

ಶುಕ್ರವಾರ ಸಂಜೆ ತೂಗುಹಾಕಿದಾಗ ನಮ್ಮ ಫಾದರ್ ಬಂದು ಸುಮಾರು ಹೊತ್ತು ಅದರ ಮುಂದೆ ನಿಂತರು. "ಮೇಷ್ಟ್ರೇ, ಕೈ ಚೆನ್ನಾಗಿ ಬಂದಿದೆ" ಅಂದರು. ಅಷ್ಟೇ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿದ್ದರು. ಉದ್ಘಾಟನೆ ಮಾಡಬೇಕಾದ ಅಧಿಕಾರಿ ಬಂದದ್ದು ಹನ್ನೊಂದು ಮುಕ್ಕಾಲಿಗೆ. ನನ್ನ ಪೂಜೆ ತಪ್ಪಿತು. ಭಕ್ತಿಯ ಕಾರ್ಯಕ್ರಮಕ್ಕೆ ಹೋಗಿ ಭಾನುವಾರದ ಪೂಜೆ ತಪ್ಪಿಸಿಕೊಂಡವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಸಾಹೇಬರು ಒಂದು ಸುತ್ತು ಹಾಕಿದರು. ನಮ್ಮ ಚಿತ್ರದ ಮುಂದೆ ನಿಂತು, "ಇದೇನ್ರೀ, ದೇವರ ತಾಯಿ ಕೈಗೆ ಮಸಿ? ಯಾರದ್ದಾದರೂ ಭಾವನೆಗೆ ಧಕ್ಕೆ ಆದರೆ ಯಾರು ಜವಾಬ್ದಾರಿ?" ಅಂದರು. ಆ ಸಾಹೇಬರು ಕಥೋಲಿಕರಲ್ಲ. ಅದು ತಪ್ಪೂ ಅಲ್ಲ. ಆದರೆ ನನಗೆ ಆಗದ ನೋವು ನನ್ನ ಪರವಾಗಿ ಅವರಿಗೆ ಹೇಗಾಯಿತು? ಅದಕ್ಕಿಂತ ಬೇಜಾರಾಗಿದ್ದು ನಮ್ಮವರೇ ಆದ ಸಮಿತಿಯ ಹಿರಿಯರು "ಹೌದು ಸಾರ್, ನಾವೂ ಅದೇ ಅಂದುಕೊಂಡ್ವಿ" ಅಂತ ತಲೆ ಆಡಿಸಿದ್ದು. ಎರಡು ನಿಮಿಷದಲ್ಲಿ ಮರಿಯಮ್ಮ ಗೋಡೆಗೆ ಮುಖ ಹಾಕಿದಳು. ಊಟದ ಹೊತ್ತಿಗೆ ಕುರ್ಚಿ ಜೋಡಿಸುವ ಕೋಣೆ ಸೇರಿದಳು.

ಮೊದಲ ಬಹುಮಾನ ಬಂದ ಚಿತ್ರ ನೋಡಿ. ಕ್ಯಾಲೆಂಡರ್ ನೋಡಿ ಚೌಕ ಹಾಕಿ ಇಳಿಸಿದ ಯೇಸು. ನೀಲಿ ಕಣ್ಣು, ಎದೆಯ ಮೇಲೆ ಚಮಕಿ. ಬರೆದವರು ಚಿಕ್ಕ ಮಕ್ಕಳಲ್ಲ, ಹಾಗಾಗಿ ಹೇಳುತ್ತೇನೆ: ಆ ಯೇಸುವಿಗೆ ಎರಡೂ ಎಡಗೈ. ಹೆಬ್ಬೆರಳು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. "ಎಷ್ಟು ಭಕ್ತಿ ಇದೆ ನೋಡಿ" ಅಂತ ಮೈಕಿನಲ್ಲಿ ಹೊಗಳಿದರು. 31 ವರ್ಷ ಡ್ರಾಯಿಂಗ್ ಕಲಿಸಿದವನು ನಾನು. ಇನ್ನೊಬ್ಬರ ಭಕ್ತಿ ಅಳೆಯುವ ಟೇಪು ನನ್ನ ಹತ್ತಿರ ಇಲ್ಲ, ಹೆಬ್ಬೆರಳು ಯಾವ ಕಡೆ ಇರಬೇಕು ಅನ್ನೋದು ಮಾತ್ರ ಗೊತ್ತು.

ಕೆಟ್ಟ ಕೆಲಸಕ್ಕೆ ಭಕ್ತಿಯ ಶಾಲು ಹೊದಿಸಿದರೆ ಅದು ಒಳ್ಳೆಯದಾಗುವುದಿಲ್ಲ. ಇದು ನನ್ನ ಸ್ವಂತ ಮಾತೂ ಅಲ್ಲ. ಕಥೋಲಿಕ ಚರ್ಚಿನ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಆರಾಧನೆಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ ಇದನ್ನು ಬರೆದಿಟ್ಟಿದೆ. ಧರ್ಮಾಧ್ಯಕ್ಷರು (ಅಂದರೆ ಬಿಷಪ್ಪರು) ಚರ್ಚಿನಿಂದ ದೂರ ಇಡಬೇಕಾದ ಕೃತಿಗಳಲ್ಲಿ ವಿಕಾರವಾದವುಗಳ ಜೊತೆ ಕಳಪೆಯಾದವು, ಸೋಗಿನವು ಕೂಡ ಸೇರಿವೆ. ಅಂದರೆ ಕಳಪೆ ಕೆಲಸದಿಂದಲೂ ಭಕ್ತಿಗೆ ನೋವಾಗುತ್ತದೆ ಅಂತ ಚರ್ಚೇ ಒಪ್ಪಿದೆ. ಎಲ್ಲ ಜನಾಂಗದ, ಎಲ್ಲ ನಾಡಿನ ಈ ಕಾಲದ ಕಲೆಗೂ ಜಾಗ ಇರಲಿ ಅಂತಲೂ ಅದರಲ್ಲೇ ಇದೆ. ಹಾಗಾದರೆ ಕೋಣೆ ಸೇರಬೇಕಾಗಿದ್ದು ಯಾವ ಚಿತ್ರ?

ಗೋಡೆಗೆ ಮುಖ ಹಾಕಿಸಿಕೊಂಡ ಮೊದಲ ಮರಿಯಮ್ಮ ಇವಳೇನಲ್ಲ ಬಿಡಿ. ರೋಮಿನಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿಗಳ ಒಂದು ಚರ್ಚಿಗೆ ಇಟಲಿಯ ಚಿತ್ರಕಾರ ಕ್ಯಾರವಾಜಿಯೊ ಮರಿಯಮ್ಮನ ಮರಣದ ಚಿತ್ರ ಬರೆದುಕೊಟ್ಟ. ಮೇಲೆ ದೊಡ್ಡ ಕೆಂಪು ಪರದೆ ಇಳಿಬಿದ್ದಿದೆ, ಕೆಳಗೆ ಹೆಣ. ಹೊಟ್ಟೆ ಉಬ್ಬಿದೆ, ಕಾಲು ಬರಿಗಾಲು. ಮುಂದೆ ಒಂದು ತಾಮ್ರದ ಬೋಗುಣಿ, ಅದರ ಪಕ್ಕ ಒಬ್ಬಳು ಮುಖ ಮುಚ್ಚಿಕೊಂಡು ಬಗ್ಗಿ ಅಳುತ್ತಿದ್ದಾಳೆ. ದೇವದೂತರು ಒಬ್ಬರೂ ಇಲ್ಲ. ಸಾವಿನ ಮನೆ ಹೇಗಿರುತ್ತದೋ ಹಾಗೇ ಇದೆ. ಸ್ವಾಮಿಗಳು ಬೇಡ ಅಂದರು. ಆಗ ರೂಬೆನ್ಸ್ ಎಂಬ ಚಿತ್ರಕಾರ ಹೇಳಿದ ಮೇಲೆ ಮಾಂಟುವಾದ ಡ್ಯೂಕ್ 1607ರಲ್ಲಿ ಅದನ್ನು ಕೊಂಡ. ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಕ್ಯಾರವಾಜಿಯೊ ಒಳ್ಳೆಯವನಾಗಿದ್ದ ಅಂತ ನಾನು ಹೇಳುತ್ತಿಲ್ಲ, 1606ರಲ್ಲಿ ಒಬ್ಬನನ್ನು ಕೊಂದು ರೋಮ್ ಬಿಟ್ಟು ಓಡಿದವನು. ಆದರೆ ಆ ಅಳುವವಳ ಬೆನ್ನು ನೋಡಿ ಸಾರ್, ಅಂಥ ಬೆನ್ನನ್ನು ಬರೆಯಲು ಎಷ್ಟು ಸಾವು ನೋಡಿರಬೇಕು!

ಹಾಗಂತ ಭಕ್ತಿ ಬೇಡ ಅನ್ನುವವನೂ ನಾನಲ್ಲ. ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಹೋಗಿದ್ದೀರಾ? 1899ರಲ್ಲಿ ಶುರುಮಾಡಿ ಗೋಡೆ, ಚಾವಣಿ ತುಂಬಿಸಿದವರು ಇಟಲಿಯ ಜೆಸ್ವಿಟ್ ಬ್ರದರ್ ಮೊಸ್ಕೆನಿ. ಅವರಿಗೆ ಭಕ್ತಿ ಇತ್ತು. ಅದರ ಜೊತೆ ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಒಣಗಿದರೆ ಹೋಯಿತು ಅನ್ನುವ ಲೆಕ್ಕವೂ ಇತ್ತು. ಜಪ ಮಾಡಿದರೆ ಗಾರೆ ಕಾಯುವುದಿಲ್ಲ.

ಕಥೆಯ ವಿಷಯ ಬೇರೆ ಇದೆ. ಬಹುಮಾನದ ಕಥೆಯನ್ನು ವೇದಿಕೆ ಮೇಲೆ ಪೂರ್ತಿ ಓದಿಸಿದರು, ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದವರೂ ಕೂತುಬಿಟ್ಟರು. ಎರಡನೇ ಪುಟದಲ್ಲಿ ಕುಡುಕನಿಗೆ ಚರ್ಚಿನ ಗಂಟೆ ಕೇಳುತ್ತದೆ. ಮೂರನೇ ಪುಟದಲ್ಲಿ ಬಾಟಲಿ ಒಡೆಯುತ್ತಾನೆ. ನಾಲ್ಕನೇ ಪುಟದಲ್ಲಿ ಮಗನಿಗೆ ಸರ್ಕಾರಿ ನೌಕರಿ. ನಮ್ಮ ಬೀದಿಯಲ್ಲೊಬ್ಬರು 19 ವರ್ಷದಿಂದ ಬಿಡಲು ನೋಡುತ್ತಿದ್ದಾರೆ. ದಿನಾ ಗಂಟೆ ಕೇಳುತ್ತಾರೆ, ಗಂಟೆ ಬಾರಿಸುವವರೇ ಅವರು. ಅವರ ಕಥೆ ಯಾರೂ ಬರೆಯಲ್ಲ. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಬರೆದರು, 1940ರಲ್ಲಿ, 'ದಿ ಪವರ್ ಅಂಡ್ ದಿ ಗ್ಲೋರಿ' ಅಂತ. ಮೆಕ್ಸಿಕೊದಲ್ಲಿ ಪಾದ್ರಿಗಳನ್ನು ಬೇಟೆಯಾಡುವ ಕಾಲ. ಕಥೆಯ ಪಾದ್ರಿ ಕುಡುಕ, ಒಂದು ಹೆಣ್ಣುಮಗುವಿನ ತಂದೆ ಬೇರೆ. ಗಡಿ ದಾಟಿ ಬಚಾವಾದವನು, ಸಾಯುತ್ತಿರುವ ಒಬ್ಬನ ಪಾಪನಿವೇದನೆ ಕೇಳಬೇಕು ಅಂತ ಕರೆದಾಗ ಅದು ಬಲೆ ಅಂತ ಗೊತ್ತಿದ್ದೂ ವಾಪಸ್ ಹೋಗುತ್ತಾನೆ, ಗುಂಡಿಗೆ ಸಾಯುತ್ತಾನೆ. ಕೊನೆವರೆಗೂ ಕುಡಿತ ಬಿಟ್ಟಿರಲಿಲ್ಲ! ಈ ಪುಸ್ತಕ ತಿದ್ದಿ ಅಂತ ವ್ಯಾಟಿಕನ್ನಿನ ಕಚೇರಿಯಿಂದಲೇ ಮಾತು ಬಂತು, ಗ್ರೀನ್ ತಿದ್ದಲಿಲ್ಲ. ಮುಂದೆ ಪೋಪ್ ಆರನೇ ಪೌಲ್ ಅವರೇ ಗ್ರೀನ್ ಸಿಕ್ಕಾಗ, ನಿಮ್ಮ ಪುಸ್ತಕಗಳ ಕೆಲವು ಭಾಗ ಕೆಲವರಿಗೆ ಯಾವಾಗಲೂ ಚುಚ್ಚುತ್ತವೆ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಅಂದರಂತೆ. ಪೋಪ್ ತಲೆ ಕೆಡಿಸಿಕೊಳ್ಳದ್ದಕ್ಕೆ ನಮ್ಮ ಸಾಹೇಬರು ಕೆಡಿಸಿಕೊಂಡಿದ್ದಾರೆ.

ಇನ್ನೊಂದು ಮಾತು ಆಮೇಲೆ ಗೊತ್ತಾಯಿತು. ಅರ್ಜಿಯಲ್ಲಿ ಧರ್ಮಕೇಂದ್ರದ ಹೆಸರು, ಅಂದರೆ ಯಾವ ಚರ್ಚಿಗೆ ಸೇರಿದವರು, ಅಂತ ಒಂದು ಕಾಲಂ ಇತ್ತಂತೆ. ನಮ್ಮ ಹುಡುಗಿ ಖಾಲಿ ಬಿಟ್ಟಿದ್ದಳು, ಅವಳು ನಮ್ಮ ಧರ್ಮದವಳಲ್ಲ. "ನಂಬಿಕೆ ಇಲ್ಲದವರು ಬರೆದರೆ ಹೀಗೇ ಆಗೋದು" ಅಂತ ಒಬ್ಬರು ನನ್ನ ಕಿವಿಗೆ ಬೀಳುವ ಹಾಗೆ ಅಂದರು. ಅಲ್ಲ ಸ್ವಾಮಿ, ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಮರಣದ ಕಾವ್ಯ 'ಗೊಲ್ಗೊಥಾ' ಬರೆದಾಗ ಯಾರಾದರೂ ಜ್ಞಾನಸ್ನಾನದ ಸರ್ಟಿಫಿಕೇಟ್ ಕೇಳಿದ್ದರಾ? ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಸೆಪ್ಟೆಂಬರ್ 8ರಂದು ಎಲ್ಲ ಜಾತಿಯವರೂ ಬರುತ್ತಾರೆ, ಮೇಣದ ಬತ್ತಿ ಮಾರುವವರು ಕಾಲಂ ತುಂಬಿಸಿಕೊಂಡು ಕೊಡುತ್ತಾರಾ? ಫ್ರಾನ್ಸಿನ ಆಸಿ ಎಂಬ ಊರಿನ ಚರ್ಚಿಗೆ ಯಹೂದಿಯಾದ ಚಿತ್ರಕಾರ ಶಗಾಲ್ ಕೈಯಲ್ಲೂ ಕೆಲಸ ಮಾಡಿಸಿದರು. ಪ್ರತಿಭೆ ಇಲ್ಲದ ಭಕ್ತನಿಗಿಂತ ಭಕ್ತಿ ಇಲ್ಲದ ಪ್ರತಿಭಾವಂತ ವಾಸಿ ಅನ್ನುವುದು ಅದರ ಹಿಂದಿದ್ದ ಫಾದರ್ ಕುಟೂರಿಯೆ ಅವರ ವಾದ. ಅಲ್ಲೂ ಶಿಲ್ಪಿ ಜರ್ಮೇನ್ ರಿಶಿಯೆ ಮಾಡಿದ ಶಿಲುಬೆಯನ್ನು, ಕ್ರಿಸ್ತನಿಗೆ ಮುಖವೇ ಇಲ್ಲ ಅಂತ ಗಲಾಟೆಯಾಗಿ 1951ರಲ್ಲಿ ತೆಗೆಸಿದರು, ಮುಂದೆ ಅದನ್ನೇ ವಾಪಸ್ ತಂದಿಟ್ಟರು. ಇಷ್ಟಕ್ಕೂ ನಂಬಿಕೆ ಇದ್ದವರನ್ನಾದರೂ ಬಿಟ್ಟೆವಾ? ಗೋವಾದ ಚಿತ್ರಕಾರ ಆಂಜೆಲೊ ಡ ಫೊನ್ಸೆಕಾ ಪಕ್ಕಾ ಕಥೋಲಿಕ. ಶಾಂತಿನಿಕೇತನದಲ್ಲಿ ಕಲಿತು ಬಂದು ಮರಿಯಮ್ಮನಿಗೆ ಸೀರೆ ಉಡಿಸಿದರು ಅಂತ ಊರವರೇ ತಿರುಗಿಬಿದ್ದರು, ಅವರು ಪುಣೆ ಸೇರಿದರು. ಈಗ ಸೀರೆ ಉಟ್ಟ ಮರಿಯಮ್ಮನಿಗೆ ಯಾರೂ ಬೇಡ ಅನ್ನಲ್ಲ. ಮಸಿಗೆ ಇನ್ನೆಷ್ಟು ವರ್ಷ ಬೇಕೋ.

ಸಂಜೆ ಐದಕ್ಕೆ ಚಿತ್ರ ವಾಪಸ್ ಕೇಳಿದರೆ ಕೋಣೆಯ ಬೀಗದ ಕೈ ಇಲ್ಲ. ಬೀಗದ ಕೈ ಇದ್ದವನು ಸಾಹೇಬರ ಜೀಪಿನ ಹಿಂದೆ ಹೋಗಿದ್ದ. ಏಳೂವರೆಗೆ ಬಂದ. ಚೌಕಟ್ಟಿನ ಮೂಲೆ ಕುರ್ಚಿ ಕಾಲಿಗೆ ಸಿಕ್ಕಿ ಬಿರುಕು ಬಿಟ್ಟಿತ್ತು, ಹಿಂದಿನ ಪಟ್ಟಿಯ ಮೇಲೆ ಚಹಾ ಲೋಟದ ಗುರುತು. ಮಳೆ. ಆಟೋದವರು ಮೂರಡಿ ಚಿತ್ರ ನೋಡಿ ಡಬಲ್ ಕೇಳಿದರು. ಅಂಡರ್‌ಪಾಸಿನಲ್ಲಿ ಆಟೋ ನಿಂತಿತು. ನಾನು ಚಿತ್ರವನ್ನು ತಲೆ ಮೇಲೆ ಹೊತ್ತು ಮೊಣಕಾಲುದ್ದ ನೀರಿನಲ್ಲಿ ದಾಟಿದೆ, ಆ ಹುಡುಗಿ ನನ್ನ ಚಪ್ಪಲಿ ಹಿಡಿದುಕೊಂಡು ಹಿಂದೆ ಬಂದಳು. ಒಂದು ಮಾತೂ ಆಡಲಿಲ್ಲ ಅವಳು.

ಆ ನೀರಿನ ಬಗ್ಗೆ ನಾನೇ ಮೂರು ಅರ್ಜಿ ಕೊಟ್ಟಿದ್ದೇನೆ. ಸಭಾಂಗಣದ ಟ್ಯೂಬ್‌ಲೈಟ್ ಬಗ್ಗೆ ಒಂದು. ಭಟ್ಟಿ ಕಡೆ ಟೈರ್ ಸುಡುವ ಹೊಗೆಯ ಬಗ್ಗೆ ಎರಡು. ಆಗ ಯಾವ ಸಾಹೇಬರಿಗೂ ಮಸಿ ಕಾಣಲಿಲ್ಲ! ಹೆಂಗಸರ ಎದೆಯೊಳಗೆ ಹೋಗುವ ಮಸಿಗೆ ಧಕ್ಕೆ ಆಗದ ಭಾವನೆ ಚಿತ್ರದ ಉಗುರಿನ ಮಸಿಗೆ ಆಗುತ್ತದಂತೆ. ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಇವತ್ತಿಗೂ ಡ್ರಾಯಿಂಗ್ ಮೇಷ್ಟ್ರು ಬಂದಿಲ್ಲ, ಪಿ.ಟಿ. ಮೇಷ್ಟ್ರೇ ಬಾಳೆಹಣ್ಣು ಬರೆಸುತ್ತಾರೆ. 1964ರಿಂದ ಚಿತ್ರಕಲೆಯ ಕಾಲೇಜು ಇರುವ ಊರು ಇದು, ಆದರೂ ಒಂದು ಚಿತ್ರ ನೇತುಹಾಕಲು ಮದುವೆ ಹಾಲ್ ಥರದ ಜಾಗ ಬೇಡಬೇಕು.

ಆದ್ದರಿಂದ ಆಯೋಜಕರು ಆ ಚಿತ್ರವನ್ನು ಮರ್ಯಾದೆಯಿಂದ ಮತ್ತೆ ತೂಗುಹಾಕಬೇಕು, ಇಲ್ಲಾಂದ್ರೆ ಆ ಎರಡು ಎಡಗೈಯ ಯೇಸುವನ್ನಾದರೂ ಇಳಿಸಬೇಕು, ಅರ್ಜಿಯ ಕಾಲಂ ತೆಗೆಯಬೇಕು, ಅಂಡರ್‌ಪಾಸಿನ ನೀರಿಗೂ ಯಾರಾದರೂ ಒಂದು ದಾರಿ ಮಾಡಬೇಕು. ಯಾರು ಅಂತ ನನ್ನನ್ನು ಕೇಳಬೇಡಿ, ಸಂಬಳ ತಗೊಳ್ಳುವವರನ್ನು ಕೇಳಿ. ಚಿತ್ರ ಸದ್ಯಕ್ಕೆ ನಮ್ಮ ಮನೆ ಹಜಾರದಲ್ಲಿದೆ. ನೋಡಬೇಕು ಅನ್ನುವವರು ಬರಬಹುದು, ಚಹಾ ಕೊಡುತ್ತೇವೆ. ಸಾಹೇಬರೂ ಬರಲಿ. ಹೇಳಿದ ಟೈಮಿಗೆ ಬರಲಿ.

ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು,
ದಾವಣಗೆರೆ