ಅವರನ್ನೇ ಕೇಳು

ಪ್ರಿಯ ಗೆಳೆಯ,

ನಿನ್ನೆ ಫೋನಿನಲ್ಲಿ ನೀನು, ನಿನ್ನ ಹೆಂಡತಿಗೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ) ಎಂದ ಮೇಲೆ ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಒಂಬತ್ತು ವರ್ಷಗಳ ಹಿಂದೆ ನನ್ನವಳ ಬಗ್ಗೆ ಇದೇ ಎರಡಕ್ಷರವನ್ನು ನಾನು ನಿನಗೆ ಹೇಳಿದಾಗ, ‘ಏನೂ ಆಗುವುದಿಲ್ಲ ಬಿಡು’ ಎಂದಿದ್ದೆ ನೀನು. ನನಗೆ ಅಂದು ಎಂಥ ಸಿಟ್ಟು ಬಂದಿತ್ತು ಗೊತ್ತೇ? ಆ ಮಾತನ್ನು ನಿನಗೆ ಹಿಂದಿರುಗಿಸುವುದು ಬೇಡವೆಂದೇ ಸುಮ್ಮನಿದ್ದೆ. ಹೇಳಬೇಕಾದದ್ದೆಲ್ಲ ಫೋನಿಟ್ಟ ಮೇಲೆ ನೆನಪಾಯಿತು. ಇದನ್ನು ನನ್ನವಳಿಗೆ ಓದಿಸಿ, ಅವಳು ಒಪ್ಪಿದ ಮೇಲೆಯೇ ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಒಪ್ಪಿಗೆ ಏಕೆ ಬೇಕಾಯಿತು ಎಂಬುದು ಮುಂದೆ ತಿಳಿಯುತ್ತದೆ.

ನಡುರಾತ್ರಿ ಮೊಬೈಲ್ ಹಿಡಿದು ಕೂರುವುದನ್ನು ಮೊದಲು ನಿಲ್ಲಿಸು. ಎಲ್ಲಿ ಹುಡುಕಿದರೂ ಗಾಲಿಕುರ್ಚಿಯೇ ಕಾಣುತ್ತದೆ ಎಂದೆಯಲ್ಲ, ನನಗೂ ಹಾಗೆಯೇ ಕಂಡಿತ್ತು. ಶಾರ್ಕೋ ಎಂಬ ಫ್ರೆಂಚ್ ವೈದ್ಯರು ಈ ರೋಗವನ್ನು ಬಿಡಿಸಿ ವಿವರಿಸಿದ್ದು 1868ರಲ್ಲಿ. ಅದರ ಓಟಕ್ಕೆ ಅಡ್ಡ ನಿಲ್ಲುವ ಮೊದಲ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1993ರಲ್ಲಿ. ನಡುವಿನ ನೂರಿಪ್ಪತ್ತೈದು ವರ್ಷ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಜನರ ಬಾಯಲ್ಲಿ ಇಂದಿಗೂ ಓಡಾಡುತ್ತಿರುವುದು ಬಹುಪಾಲು ಆ ಕಾಲದ ಕಥೆಗಳೇ. ಗಾಲಿಕುರ್ಚಿ ಯಾರಿಗೂ ಬೇಕಾಗುವುದಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಮೊದಲ ವಾರವೇ ಅದನ್ನು ಮನಸ್ಸಿನೊಳಗೆ ತಂದು ನಿಲ್ಲಿಸಿಕೊಳ್ಳಬೇಡ.

ನಮ್ಮನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ದಾರಿ ತಪ್ಪಿ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುತ್ತವೆ. ಕೆಟ್ಟ ಜಾಗದಲ್ಲಿ ಕಲೆ ಉಳಿದು ಸಂದೇಶ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಮಿದುಳು, ಬೆನ್ನುಹುರಿ, ಕಣ್ಣಿನ ನರ, ಕಲೆ ಎಲ್ಲಿ ಬಿತ್ತೋ ತೊಂದರೆ ಅಲ್ಲಿಯದು. ನನ್ನವಳಿಗೆ ಒಂದು ಕಣ್ಣು ಮಸುಕಾಗಿ ಶುರುವಾಯಿತು, ನಿಮ್ಮಲ್ಲಿ ಕಾಲಿನ ಜೋಮಿನಿಂದ. ಆದ್ದರಿಂದ ‘ನಮ್ಮ ಪರಿಚಯದವರೊಬ್ಬರಿಗೂ ಇದೇ ಇತ್ತು’ ಎಂದು ಯಾರಾದರೂ ಆರಂಭಿಸಿದರೆ ನಯವಾಗಿ ಮಾತು ಬದಲಿಸು. ಅವರ ಕಲೆ ಬೇರೆ, ನಿಮ್ಮದು ಬೇರೆ.

ಇನ್ನು ನನ್ನ ತಪ್ಪು. ರೋಗದ ಹೆಸರು ಗೊತ್ತಾದ ಮರುದಿನದಿಂದಲೇ ನಾನು ಕಾವಲುಗಾರನಾಗಿಬಿಟ್ಟೆ. ಅವಳು ನೀರಿನ ಕೊಡ ಮುಟ್ಟಿದರೆ ಕಸಿದುಕೊಳ್ಳುತ್ತಿದ್ದೆ. ವೈದ್ಯರು ಅವಳನ್ನು ಕೇಳಿದ ಪ್ರಶ್ನೆಗೆ ನಾನು ಉತ್ತರಿಸುತ್ತಿದ್ದೆ. ಮೆಟ್ಟಿಲಲ್ಲಿ ಅವಳ ಚಪ್ಪಲಿ ಸದ್ದು ಸ್ವಲ್ಪ ಬದಲಾದರೆ ಮೂರು ಜನ ಎದ್ದು ಓಡುತ್ತಿದ್ದೆವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅವಳನ್ನು ಒಂದು ಮಾತೂ ಕೇಳದೆ ಬಂಧುಗಳಿಗೆಲ್ಲ ಫೋನ್ ಮಾಡಿ ಸುದ್ದಿ ಹಂಚಿದ್ದೆ. ಕಾಯಿಲೆ ಅವಳದು, ಸುದ್ದಿ ಮಾತ್ರ ನನ್ನ ಸ್ವತ್ತು ಎಂಬಂತೆ! ಎರಡು ತಿಂಗಳು ಸಹಿಸಿದ ಮೇಲೆ ಒಂದು ಸಂಜೆ ಅವಳು ಕೇಳಿದಳು: ‘ನನಗೆ ಬಂದಿರುವುದು ಎಂಎಸ್. ನಿಮಗೆಲ್ಲ ಏನು ಬಂದಿದೆ?’ ನಾನು ನಗಲು ಹೋದೆ. ಅವಳು ನಗುತ್ತಿರಲಿಲ್ಲ. ಅಂದಿನಿಂದ ನಮ್ಮಲ್ಲಿ ಒಂದು ಒಪ್ಪಂದವಾಯಿತು: ಸಹಾಯ ಬೇಕೆಂದರೆ ಅವಳು ಕೇಳುತ್ತಾಳೆ, ಅಲ್ಲಿಯವರೆಗೆ ನಾವು ಕುಳಿತಲ್ಲೇ ಕುಳಿತಿರಬೇಕು. ಇಂದಿಗೂ ಇದು ನನಗೆ ಸುಲಭವಾಗಿಲ್ಲ.

ನಿಮ್ಮ ಮನೆಯಲ್ಲಿ ಜಗಳವಾಗುವುದಿದ್ದರೆ ಬಹುಶಃ ಸುಸ್ತಿನ ವಿಷಯಕ್ಕೇ ಆಗುತ್ತದೆ. ಎಂಎಸ್‌ನ ಸುಸ್ತು ಕೆಲಸ ಮಾಡಿ ದಣಿದವರ ಸುಸ್ತಿನಂತಲ್ಲ; ರಾತ್ರಿಯಿಡೀ ಮಲಗಿ ಎದ್ದರೂ ಹಾಗೆಯೇ ಉಳಿದಿರುತ್ತದೆ, ಹೊರಗಿನವರಿಗೆ ಕಾಣುವುದೂ ಇಲ್ಲ. ಬೆಳಿಗ್ಗೆ ಮಗಳ ಜೊತೆ ನಗುತ್ತಾ ಓಡಾಡಿದವಳು ಸಂಜೆ ಬಾಚಣಿಗೆ ಎತ್ತಲಾರದೆ ಕೂತಿದ್ದಾಗ ನನ್ನ ಅಮ್ಮ, ‘ಮುಖ ನೋಡಿದರೆ ಏನೂ ಆದಂತಿಲ್ಲವಲ್ಲ’ ಎಂದುಬಿಟ್ಟರು. ಅಮ್ಮನಿಗೆ ಕೇಡು ಬಗೆಯುವ ಉದ್ದೇಶವಿರಲಿಲ್ಲ. ಆದರೂ ಆ ಒಂದು ವಾಕ್ಯವನ್ನು ಮರೆಸಲು ವರ್ಷ ಬೇಕಾಯಿತು. ನಿಮ್ಮ ಹಿರಿಯರಿಗೆ ಇದನ್ನು ಮೊದಲೇ ಕೂರಿಸಿಕೊಂಡು ಹೇಳು.

ಸೆಕೆಯ ವಿಷಯವೂ ಇದೆ. ಮೈ ಬಿಸಿಯಾದರೆ ಹಳೆಯ ಲಕ್ಷಣಗಳು ತಲೆಯೆತ್ತುತ್ತವೆ, ತಣ್ಣಗಾದರೆ ಇಳಿಯುತ್ತವೆ. ಉಹ್ಟಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲೇ ಇದನ್ನು ಗುರುತಿಸಿದ್ದರು; ನಮಗೆ ಮಾತ್ರ ಬಿಸಿನೀರಿನ ಸ್ನಾನವೊಂದು ಹೆದರಿಸಿದ ಮೇಲೆ ತಿಳಿಯಿತು. ಇನ್ನೊಮ್ಮೆ ಜ್ವರ ಬಂದು ಅವಳ ಕಾಲು ಸೋತಾಗ ಎಂಎಸ್‌ನ ಹೊಸ ಅಟ್ಯಾಕ್ (ರೋಗ ಮತ್ತೆ ಕೆರಳುವುದು) ಎಂದೇ ಆಸ್ಪತ್ರೆಗೆ ಓಡಿದೆವು. ವೈದ್ಯರು ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕಿತ್ತು, ಅದು ವಾಸಿಯಾದಾಗ ಕಾಲೂ ಸರಿಹೋಯಿತು. ಜ್ವರ, ಸೋಂಕು ಯಾವುದೂ ಇಲ್ಲದೆ ಹೊಸ ತೊಂದರೆ 24 ಗಂಟೆಗೂ ಮೀರಿ ಉಳಿದರೆ ಅದನ್ನು ಅಟ್ಯಾಕ್ ಎಂದು ಶಂಕಿಸಿ ವೈದ್ಯರಿಗೆ ತಿಳಿಸಬೇಕು. ಅಂದ ಹಾಗೆ, ಮೂತ್ರದ ಅವಸರವೂ ಈ ರೋಗದ್ದೇ. ನಾಚಿಕೆಯಿಂದ ಅವಳು ಎಷ್ಟೋ ದಿನ ಅದನ್ನು ನನಗೂ ಹೇಳಿರಲಿಲ್ಲ. ಮದುವೆ, ಪ್ರಯಾಣ ಎಲ್ಲದಕ್ಕೂ ಸುಮ್ಮನೆ ಬೇಡವೆನ್ನುತ್ತಿದ್ದಳು.

ಸ್ಟೀರಾಯ್ಡ್ ಕೊಟ್ಟ ಮೇಲೆ ಚೇತರಿಸಿಕೊಂಡರು, ಇನ್ನು ಬೇರೆ ಔಷಧಿ ಏಕೆ ಎಂದು ಕೇಳಿದೆಯಲ್ಲ? ಸ್ಟೀರಾಯ್ಡ್ ಈ ಸಲದ ಚೇತರಿಕೆಯನ್ನು ಬೇಗ ಮಾಡಿಸುತ್ತದೆ, ಅಷ್ಟೇ. ಮುಂದಿನ ಅಟ್ಯಾಕ್ ತಡೆಯಲು ಕೊಡುವ ಔಷಧಿ ಬೇರೆ. ಅದು ಫಲ ಕೊಟ್ಟರೆ ಏನೂ ಆಗದಿರುವುದೇ ಫಲ, ಹಾಗಾಗಿ ದಂಡವೆನಿಸುತ್ತದೆ. ಹೊರಗೆ ಯಾವ ಲಕ್ಷಣವೂ ಇಲ್ಲದಾಗಲೂ ಎಂಆರ್‌ಐನಲ್ಲಿ ಹೊಸ ಕಲೆ ಕಾಣಿಸಬಹುದು. ವೈದ್ಯರ ಜೊತೆ ಮಾತಾಡದೆ ನಿಲ್ಲಿಸಬೇಡಿ.

ನಿನ್ನ ಮಗನಿಗೆ ಇನ್ನೂ ಹೇಳಿಲ್ಲ ಎಂದೆ. ನಾವೂ ಮುಚ್ಚಿಟ್ಟಿದ್ದೆವು. ಏಳು ವರ್ಷದ ಮಗಳು ತನ್ನಷ್ಟಕ್ಕೇ ಲೆಕ್ಕ ಹಾಕಿ, ತಾನು ಹಟ ಮಾಡಿದ್ದರಿಂದ ಅಮ್ಮನಿಗೆ ಹೀಗಾಯಿತು ಎಂದು ತೀರ್ಮಾನಿಸಿ, ಒಂದು ತಿಂಗಳು ಯಾವುದಕ್ಕೂ ಹಟ ಮಾಡಲಿಲ್ಲ. ಒಳ್ಳೆಯ ಮಗು ಎಂದು ನಾವು ಹೊಗಳಿದ್ದೂ ಹೊಗಳಿದ್ದೇ. ಇದು ಅಂಟುವುದಿಲ್ಲ, ಯಾರ ತಪ್ಪಿನಿಂದಲೂ ಬರುವುದಿಲ್ಲ ಎಂದು ಅವನಿಗೆ ಹೇಳಿ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಮಾತ್ರವಂತೆ. ಯಾರ ವಂಶದ್ದು ಎಂದು ಹುಡುಕುವ ಹಿರಿಯರಿಗೂ ಇಷ್ಟು ಸಾಕು.

ಭಾನುವಾರ ನಾವಿಬ್ಬರೂ ನಿಮ್ಮಲ್ಲಿಗೆ ಬರೋಣವೇ? ಇದಕ್ಕೆ ನೀನು ಉತ್ತರಿಸಬೇಡ. ಅವರನ್ನೇ ಕೇಳು. ಬೇಡವೆಂದರೆ ಬೇರೆ ದಿನ.

ನಿನ್ನ ಹಳೆಯ ಗೆಳೆಯ