ಮಚ್ಚೆ ಸುಡುವ ಮುನ್ನ ವೈದ್ಯರು ನೋಡಲಿ

ಮಾನ್ಯ ಸಂಪಾದಕರೇ,

ಮದುವೆಯ ಹಂಗಾಮು ಹತ್ತಿರವಾದಂತೆ ನಮ್ಮೂರಿನ ಬ್ಯೂಟಿ ಪಾರ್ಲರ್‌ಗಳ ಮುಂದೆ ‘ಮಚ್ಚೆ, ನರಹುಲಿಗಳಿಗೆ ಹತ್ತೇ ನಿಮಿಷದಲ್ಲಿ ಮುಕ್ತಿ’ ಎಂಬ ಫಲಕಗಳು ಹೆಚ್ಚುತ್ತಿವೆ. ಇದಕ್ಕೆ ಬಳಸುವ, ರೇಡಿಯೊ ತರಂಗಗಳ ಶಾಖದಿಂದ ಚರ್ಮ ಸುಡುವ ರೇಡಿಯೊ ಫ್ರೀಕ್ವೆನ್ಸಿ ಯಂತ್ರದ ಬಗ್ಗೆ ನನ್ನ ತಕರಾರಿಲ್ಲ. ಚರ್ಮರೋಗ ತಜ್ಞರು ಬಹುಕಾಲದಿಂದ ಬಳಸುತ್ತಿರುವ, ಪಳಗಿದ ಕೈಯಲ್ಲಿ ಒಳ್ಳೆಯ ಫಲ ಕೊಡುವ ಸಾಧನವದು. ಆದರೆ ಚರ್ಮದ ಮೇಲಿರುವುದು ಏನೆಂದು ಗುರುತಿಸಬಲ್ಲ ವೈದ್ಯರು ಅಲ್ಲಿ ಇರುತ್ತಾರೆಯೇ ಎಂಬುದು ನನ್ನ ಆತಂಕ.

ಪಾರ್ಲರಿನ ದರಪಟ್ಟಿಯಲ್ಲಿ ಮಚ್ಚೆ, ನರಹುಲಿ, ಸ್ಕಿನ್ ಟ್ಯಾಗ್ ಮೂರೂ ಒಂದೇ ಸಾಲಿನಲ್ಲಿರುತ್ತವೆ. ನರಹುಲಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದು ಇತರರಿಗೂ ಅಂಟುತ್ತದೆ, ತೆಗೆಸಿದ ಮೇಲೂ ಮರಳಿ ಬರಬಹುದು. ಕುತ್ತಿಗೆ, ಕಂಕುಳಲ್ಲಿ ಜೋತುಬೀಳುವ ಚರ್ಮದ ಸಣ್ಣ ಬೆಳವಣಿಗೆಯಾದ ಸ್ಕಿನ್ ಟ್ಯಾಗ್ ನಿರುಪದ್ರವಿಯಾದರೂ, ಅವು ಹಲವಾರು ಕಾಣಿಸಿಕೊಂಡು ಸುತ್ತಲಿನ ಚರ್ಮವೂ ಕಪ್ಪಾಗಿದ್ದರೆ ಸಕ್ಕರೆ ಕಾಯಿಲೆಯ ಮುನ್ಸೂಚನೆ ಇರಬಹುದು. ಮಚ್ಚೆಗಳೂ ಬಹುಪಾಲು ನಿರಪಾಯಕಾರಿಯೇ. ಆದರೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆರಂಭದಲ್ಲಿ ಮಚ್ಚೆಯಂತೆಯೇ ಕಾಣುತ್ತದೆ. ಭಾರತೀಯರಲ್ಲಿ ಇದು ಅಪರೂಪ ನಿಜ. ಬಂದಾಗ ಮಾತ್ರ ಅನೇಕ ವೇಳೆ ಅಂಗಾಲು, ಅಂಗೈ, ಉಗುರಿನ ಅಡಿಯಂಥ, ನಾವು ಗಮನಿಸದ ಜಾಗಗಳಲ್ಲಿ ಬರುತ್ತದೆ.

ನನ್ನ ತಾಯಿಯ ಕುತ್ತಿಗೆಯ ಸ್ಕಿನ್ ಟ್ಯಾಗ್‌ಗಳನ್ನು ತೆಗೆಸಲು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದಾಗ ಇದರ ಸೂಕ್ಷ್ಮ ನನಗೆ ಮನದಟ್ಟಾಯಿತು. ವೈದ್ಯೆ ಮೊದಲು ರಕ್ತದ ಸಕ್ಕರೆ ಪರೀಕ್ಷೆಗೆ ಬರೆದರು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದೆಯೇ, ಹಳೆಯ ಗಾಯದ ಕಲೆಗಳು ಉಬ್ಬಿ ಬೆಳೆದಿವೆಯೇ ಎಂದು ವಿಚಾರಿಸಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಇದೇ ಯಂತ್ರದ ಸಣ್ಣ ತಂತಿಯ ಕುಣಿಕೆಯಿಂದ ಒಂದೊಂದನ್ನೇ ಕತ್ತರಿಸಿದಾಗ ರಕ್ತ ಕಂಡದ್ದೇ ಕಡಿಮೆ. ಏಳುವ ಹೊಗೆಯನ್ನು ಪಕ್ಕದ ಕೊಳವೆ ಹೀರಿಕೊಳ್ಳುತ್ತಿತ್ತು. ನರಹುಲಿ ಸುಟ್ಟಾಗ ಬರುವ ಹೊಗೆಯಲ್ಲಿ ವೈರಸ್ಸಿನ ಅಂಶವೂ ಇರಬಹುದೆಂದು ಅವರು ಮಾಸ್ಕ್ ಧರಿಸಿಯೇ ಕೆಲಸ ಮಾಡುತ್ತಾರಂತೆ. ಇಷ್ಟಾದ ಮೇಲೆ ಅಮ್ಮ ತಮ್ಮ ಅಂಗಾಲಿನ ಕಪ್ಪು ಚುಕ್ಕೆಯನ್ನೂ ಸುಟ್ಟುಬಿಡಿ ಎಂದು ಕೇಳಿಕೊಂಡರು. ವೈದ್ಯೆ ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ಹಿಡಿದು ಬಹಳ ಹೊತ್ತು ನೋಡಿ, ಅದಕ್ಕೆ ಈ ಯಂತ್ರ ಬೇಡವೆಂದು ಹೇಳಿ, ಬೇರೊಂದು ದಿನ ಅದನ್ನು ಪೂರ್ತಿಯಾಗಿ ಕತ್ತರಿಸಿ ಪೆಥಾಲಜಿ ಪರೀಕ್ಷೆಗೆ ಕಳುಹಿಸಿದರು. ಸಾಮಾನ್ಯ ಮಚ್ಚೆ ಎಂದು ವರದಿ ಬಂತು.

ಆ ಎಚ್ಚರಿಕೆಗೆ ಕಾರಣವಿದೆ. ರೇಡಿಯೊ ತರಂಗಗಳು ಜೀವಕೋಶದೊಳಗಿನ ನೀರನ್ನು ಕಾಯಿಸಿ ಆವಿಯಾಗಿಸುವುದರಿಂದ, ಹಾಗೆ ಸುಟ್ಟುಹೋದ ಮಚ್ಚೆಯಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಲು ಏನೂ ಉಳಿಯುವುದಿಲ್ಲ. ಅದು ಕ್ಯಾನ್ಸರ್ ಆಗಿದ್ದರೆ ಮೇಲಿನ ಬಣ್ಣ ಹೋಗಿ ಬೇರು ಒಳಗೇ ಉಳಿಯಬಹುದು, ರೋಗ ಪತ್ತೆಯಾಗುವ ಹೊತ್ತಿಗೆ ಹರಡಿರಬಹುದು. ಆದ್ದರಿಂದ ಆಕಾರ, ಬಣ್ಣ ಬದಲಾಗುತ್ತಿರುವ, ಅಂಚು ಅಂಕುಡೊಂಕಾದ, 6 ಮಿಲಿಮೀಟರಿಗಿಂತ ದೊಡ್ಡದಾದ ಅಥವಾ ರಕ್ತ ಒಸರುವ ಮಚ್ಚೆಯನ್ನು ಯಾರೂ ಪಾರ್ಲರಿಗೆ ಒಯ್ಯಬಾರದು. ಅಪಾಯವಿಲ್ಲದ ಮಚ್ಚೆಯನ್ನು ಸಹ ಆಳ ತಪ್ಪಿ ಸುಟ್ಟರೆ ನಮ್ಮಂಥ ಕಂದು ಚರ್ಮದಲ್ಲಿ ಕಪ್ಪು ಅಥವಾ ಬಿಳಿ ಕಲೆ ನಿಲ್ಲುತ್ತದೆ; ಎದೆ, ಭುಜಗಳಲ್ಲಿ ಕೀಲಾಯ್ಡ್ ಎಂಬ ಉಬ್ಬಿದ ಗಾಯದ ಕಲೆ ಬೆಳೆಯುವುದೂ ಉಂಟು.

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಖಾಸಗಿಯಾಗಿ ಚಿಕಿತ್ಸೆ ನೀಡುವ ಸಂಸ್ಥೆಗಳು ನೋಂದಣಿ ಮಾಡಿಸಲೇಬೇಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚರ್ಮ ಸುಡುವುದು ಚಿಕಿತ್ಸೆಯೇ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಪ್ರಾಧಿಕಾರವು ಇಂಥ ಪಾರ್ಲರ್‌ಗಳನ್ನು ತಪಾಸಣೆ ಮಾಡಿ, ವೈದ್ಯರಿಲ್ಲದ ಕಡೆ ಯಂತ್ರಗಳ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು. ತಮ್ಮ ಪತ್ರಿಕೆಯೂ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ಇಲ್ಲದ ಮಚ್ಚೆ ನಿವಾರಣೆಯ ಜಾಹೀರಾತುಗಳನ್ನು ಪ್ರಕಟಿಸಬಾರದೆಂದು ವಿನಂತಿಸುತ್ತೇನೆ.

ಇತಿ,
ನಿಮ್ಮ ಪತ್ರಿಕೆಯ ಓದುಗರೊಬ್ಬರು, ಶಿವಮೊಗ್ಗ